ಬಣ್ಣಕ್ಕೆ ಲೆಕ್ಕ ಬರೆದ ಮ್ಯಾಕ್ಸ್‌ವೆಲ್

ಬಣ್ಣಗಳನ್ನು ಕುರಿತು ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ವಿದ್ಯಾರ್ಥಿ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆಯೇ ಇಲ್ಲ. ಅದೂ ಸಾಲದೆಂಬಂತೆ ನಾನು ಹುಟ್ಟಿನಿಂದಲೇ ವರ್ಣಾಂಧ. ಎಂದರೆ ಲೋಕವೆಲ್ಲ ನನಗೆ ಕಪ್ಪು ಬಿಳುಪಾಗಿ ಕಾಣುತ್ತದೆಂದಲ್ಲ. ಕೆಂಪು ಹಸುರುಗಳ ನಡುವೆ ಇತರರಿಗೆ ಎದ್ದು ಕಾಣುವ ಭೇದ ನನಗೆ ಕಾಣುವುದಿಲ್ಲ, ಅಷ್ಟೆ. ಹೀಗಿದ್ದೂ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನ ಜೀವನವನ್ನು ಬರೆಯಹೊರಟ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಮಲೆನಾಡಿನ ಒಂದು ಸಣ್ಣ ಕಾಫಿ ತೋಟ. ಹಣ್ಣು ಕುಯ್ಯುವ ಕಾಲ ಬಂದರೆ ಮನೆಯ ಮಕ್ಕಳೂ ಬುಟ್ಟಿ ಹಿಡಿದು ತೋಟಕ್ಕಿಳಿಯುವುದು ವಾಡಿಕೆ. ತಂಗಿಯ ಬುಟ್ಟಿಯಲ್ಲಿ ಹಣ್ಣೇ ಹಣ್ಣು. ನನ್ನ ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಸಿಕಾಯಿ. ಅಜ್ಜಯ್ಯ ನನ್ನನ್ನು ಸೋಮಾರಿಯೆಂದು ತಿಳಿದರು. ನಾನೂ ಹಾಗೆಯೇ ತಿಳಿದೆ. ಹತ್ತನೆಯ ತರಗತಿಯಲ್ಲಿದ್ದಾಗ ಕಣ್ಣಿನ ಡಾಕ್ಟರೊಬ್ಬರು ಚುಕ್ಕಿಗಳ ಚಿತ್ರವಿದ್ದ ಪುಸ್ತಕವೊಂದನ್ನು ಮುಂದಿಟ್ಟು, ಅದರಲ್ಲಿದ್ದ ಅಂಕಿಗಳನ್ನು ಓದಲು ಹೇಳಿದಾಗಲೇ ನಿಜ ಸಂಗತಿ ತಿಳಿದದ್ದು. ಪುಟದಲ್ಲಿ ನನಗೆ ಒಂದು ಅಂಕಿಯೂ ಕಾಣಲಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ನಾಟಕವನ್ನು ವಿಡಿಯೊ ಮಾಡಿದ್ದರು. ಅದನ್ನು ಕತ್ತರಿಸಿ ಜೋಡಿಸುವ ಕೆಲಸವನ್ನು, ಕಂಪ್ಯೂಟರಿನಲ್ಲಿ ನನಗೆ ಸ್ವಲ್ಪ ಕೈಯಾಡುತ್ತದೆಂದು, ನನಗೆ ಒಪ್ಪಿಸಿದರು. ನನ್ನ ಕಣ್ಣಿನ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಭಾಂಗಣದಲ್ಲಿ ಅದನ್ನು ತೋರಿಸಿದ ದಿನ ರಾಜನೂ ರಾಣಿಯೂ ತೆರೆಯ ಮೇಲೆ ಬಂದೊಡನೆ ಎಲ್ಲರೂ ಗೊಳ್ಳೆಂದು ನಕ್ಕರು. ರಂಗದ ಟ್ಯೂಬ್‌ಲೈಟುಗಳಿಂದಾಗಿ ಮುಖಗಳೆಲ್ಲ ಪಾಚಿ ಹಿಡಿದಂತೆ ಹಸುರಾಗಿದ್ದುವಂತೆ. ನನ್ನ ಕಣ್ಣಿಗೆ ಅವು ಸರಿಯಾಗಿಯೇ ಇದ್ದುವು! ಮದುವೆಯ ವಿಡಿಯೊಗಳನ್ನು ತಯಾರಿಸುವ, ನಮ್ಮ ಕಾಲೇಜಿನಲ್ಲಿಯೇ ಓದಿದ ಅಣ್ಣನೊಬ್ಬ ಮಾರನೆಯ ದಿನ ನನ್ನನ್ನು ಕೂರಿಸಿಕೊಂಡು, ತೆರೆಯ ಚಿತ್ರವನ್ನು ನೋಡುವುದನ್ನು ಬಿಟ್ಟು ಅದರ ಮಗ್ಗುಲಲ್ಲಿದ್ದ ಅಂಕಿಗಳನ್ನು ನೋಡಲು ಕಲಿಸಿದ. ರಾಜನ ಬಿಳಿಯ ಪಂಚೆಯ ಮೇಲೆ ಬೆರಳಿಟ್ಟಂತೆ ಗುರುತಿಟ್ಟರೆ ಅದರ ಬಣ್ಣವನ್ನು ಆ ತಂತ್ರಾಂಶ ಮೂರು ಸಂಖ್ಯೆಗಳಲ್ಲಿ ಹೇಳುತ್ತಿತ್ತು: ಕೆಂಪು 186, ಹಸುರು 212, ನೀಲಿ 183. ಬಿಳುಪೆಂದರೆ ಮೂರೂ ಸಮನಾಗಿರಬೇಕು. ಹಸುರು 26 ಅಂಶ ಮುಂದೆ ನಿಂತಿದೆ. ಕಣ್ಣಿಗೆ ಕಾಣದಿದ್ದ ತಪ್ಪು ಕಳೆಯುವ ಲೆಕ್ಕದಲ್ಲಿ ಕಂಡಿತು.

ಬಣ್ಣವನ್ನು ಹೀಗೆ ಮೂರೇ ಸಂಖ್ಯೆಗಳಲ್ಲಿ ಹಿಡಿದವರು ಯಾರು? ಎರಡೇಕೆ ಸಾಲದು, ನಾಲ್ಕೇಕೆ ಬೇಡ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದವನು ಮ್ಯಾಕ್ಸ್‌ವೆಲ್ಲನ ಮನೆಯ ಬಾಗಿಲಿಗೆ ಬಂದು ನಿಂತೆ.

ಆತನು ಹುಟ್ಟಿದ್ದು 1831ನೆಯ ಇಸವಿ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ. ತಂದೆ ಜಾನ್ ವಕೀಲನಾದರೂ ಯಂತ್ರೋಪಕರಣಗಳಲ್ಲಿ ಹೆಚ್ಚು ಆಸಕ್ತಿಯುಳ್ಳವನು. ಬಾಲ್ಯವೆಲ್ಲ ಕಳೆದದ್ದು ನೈರುತ್ಯ ಸ್ಕಾಟ್ಲೆಂಡಿನಲ್ಲಿದ್ದ ಗ್ಲೆನ್‌ಲೇರ್ ಎಂಬ ತಮ್ಮ ಜಮೀನಿನಲ್ಲಿ. ಕಂಡ ವಸ್ತುವೆಲ್ಲ ಹೇಗೆ ಕೆಲಸ ಮಾಡುತ್ತದೆಂದು ಕೇಳಿ ಹಿರಿಯರನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಹುಡುಗ. ಒಮ್ಮೆ ಯಾರೋ ಇದು ಕೆಂಪು ಕಲ್ಲು, ಅದು ನೀಲಿ ಕಲ್ಲು ಎಂದು ತೋರಿಸಿದಾಗ, ಅದು ನೀಲಿಯೆಂದು ನಿಮಗೆ ಗೊತ್ತಾದದ್ದು ಹೇಗೆಂದು ಕೇಳಿದನಂತೆ. ದೊಡ್ಡವರಿಗೆ ಇದು ಮಕ್ಕಳ ತುಂಟ ಮಾತಾಗಿ ಕಂಡಿರಬೇಕು. ನನಗಂತೂ, ಜೀವಮಾನವೆಲ್ಲ ನನ್ನನ್ನು ಕಾಡಿದ ಪ್ರಶ್ನೆಯನ್ನೇ ಆ ಬಾಲಕ ಕೇಳಿದ್ದಾನೆನ್ನಿಸಿತು.

1839ರಲ್ಲಿ, ಅವನಿಗೆ ಎಂಟು ವರ್ಷವಾಗಿದ್ದಾಗ, ತಾಯಿ ಉದರದ ಕ್ಯಾನ್ಸರ್ ರೋಗದಿಂದ ತೀರಿಕೊಂಡಳು. ಮನೆಪಾಠಕ್ಕೆ ಬಂದ ಉಪಾಧ್ಯಾಯ ಬಹಳ ಕಠಿಣ ಮನುಷ್ಯ. 1841ರಲ್ಲಿ ಹುಡುಗನನ್ನು ಎಡಿನ್‌ಬರೊ ಅಕಾಡೆಮಿ ಎಂಬ ಶಾಲೆಗೆ ಸೇರಿಸಿದರು. ತಂದೆ ತಾನೇ ಯೋಚಿಸಿ ಮಾಡಿಸಿದ್ದ ಚೌಕಮೂತಿಯ ಬೂಟು, ಹಳ್ಳಿಯ ಉಡುಪು, ಹಳ್ಳಿಯ ಮಾತು, ಇವುಗಳನ್ನು ಕಂಡ ಪಟ್ಟಣದ ಹುಡುಗರು ಮೊದಲ ದಿನವೇ ಅವನ ಬಟ್ಟೆ ಹರಿದು ಕಳಿಸಿದರು. ಪೆದ್ದನೆಂಬ ಅಡ್ಡಹೆಸರನ್ನೂ ಇಟ್ಟರು. ಆ ಪೆದ್ದನೇ ಹದಿನಾಲ್ಕನೆಯ ವಯಸ್ಸಿನಲ್ಲಿ ದಾರ ಮತ್ತು ಗುಂಡುಸೂಜಿಗಳಿಂದ ಅಂಡಾಕಾರದ ರೇಖೆಗಳನ್ನು ಎಳೆಯುವ ಹೊಸ ವಿಧಾನವನ್ನು ಕಂಡುಹಿಡಿದನು. ಪಂಡಿತರ ಸಭೆಯಲ್ಲಿ ನಿಂತು ಓದಲು ಬಾಲಕನಿಗೆ ವಯಸ್ಸು ಸಾಲದೆಂದು, 1846ರಲ್ಲಿ ಆ ಪ್ರಬಂಧವನ್ನು ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಎಡಿನ್‌ಬರೊದ ರಾಯಲ್ ಸೊಸೈಟಿಯಲ್ಲಿ ಓದಿದನು.

ಬಣ್ಣಗಳ ಕಡೆ ಮ್ಯಾಕ್ಸ್‌ವೆಲ್ಲನನ್ನು ತಿರುಗಿಸಿದವನೂ ಈ ಫೋರ್ಬ್ಸನೇ. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ 1849ರ ಸುಮಾರಿಗೆ ಗುರುಶಿಷ್ಯರು ಬಣ್ಣದ ಬಿಲ್ಲೆಗಳನ್ನು ವೇಗವಾಗಿ ತಿರುಗಿಸಿ ನೋಡುತ್ತಿದ್ದರು. ತಿರುಗುವ ಬಿಲ್ಲೆಯಲ್ಲಿ ಬಣ್ಣಗಳು ಒಂದರ ಹಿಂದೊಂದು ಕಣ್ಣಿಗೆ ಬಡಿದು ಒಂದೇ ಬಣ್ಣವಾಗಿ ತೋರುತ್ತವಷ್ಟೆ. ಚಿತ್ರಗಾರರು ಹೇಳುವ ಕೆಂಪು, ಹಳದಿ, ನೀಲಿ ಎಂಬ ಮೂಲವರ್ಣಗಳನ್ನಿಟ್ಟು ತಿರುಗಿಸಿದರೆ ಬೂದಿಬಣ್ಣ ಬರಲೇ ಇಲ್ಲ. ನೀಲಿ ಹಳದಿಗಳನ್ನು ಕೂಡಿಸಿದರೆ ಹಸುರು ಬರಬೇಕೆಂಬುದು ನಮ್ಮ ಪ್ರಾಥಮಿಕ ಶಾಲೆಯ ಡ್ರಾಯಿಂಗ್ ಮೇಷ್ಟರಿಂದ ಹಿಡಿದು ಎಲ್ಲರೂ ಬಲ್ಲ ಮಾತು. ಬಿಲ್ಲೆಯಲ್ಲಿ ಬಂದದ್ದು ಹಸುರಲ್ಲ, ನಸುಗೆಂಪಾದ ಬೂದಿ. ಗುಟ್ಟು ಇಷ್ಟೆ: ಬಣ್ಣದ ಪುಡಿಗಳನ್ನು ಕಲಸಿದಾಗ ಒಂದೊಂದೂ ಬೆಳಕಿನಿಂದ ತನ್ನ ಪಾಲನ್ನು ನುಂಗುತ್ತದೆ, ಎರಡೂ ನುಂಗದೆ ಬಿಟ್ಟದ್ದು ಹಸುರು. ಬಿಲ್ಲೆಯಲ್ಲಿ ಬೆಳಕಿಗೆ ಬೆಳಕು ಕೂಡುತ್ತದೆ. ಒಂದು ಕಳೆಯುವ ಲೆಕ್ಕ, ಇನ್ನೊಂದು ಕೂಡುವ ಲೆಕ್ಕ. ಕಂಪ್ಯೂಟರಿನ ತೆರೆ ಈ ಎರಡನೆಯ ಜಾತಿಗೆ ಸೇರಿದ್ದು.

1850ರಲ್ಲಿ ಮ್ಯಾಕ್ಸ್‌ವೆಲ್ ಕೇಂಬ್ರಿಜ್‌ಗೆ ಹೋದನು. 1854ರಲ್ಲಿ ಗಣಿತದ ಪರೀಕ್ಷೆಯಲ್ಲಿ ಎರಡನೆಯವನಾಗಿ ತೇರ್ಗಡೆ ಹೊಂದಿದನು. ಅನಂತರ ಕೈಗೆತ್ತಿಕೊಂಡ ಉಪಕರಣ ಮಾತ್ರ ಒಂದು ಬುಗುರಿ! ಎಡಿನ್‌ಬರೊದ ಅಲಂಕಾರ ಚಿತ್ರಗಾರ ಡಿ. ಆರ್. ಹೇ ಒದಗಿಸಿದ ಬಣ್ಣದ ಕಾಗದಗಳಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಒಂದು ಸೀಳು ಕೊಟ್ಟು, ಒಂದರೊಳಗೊಂದನ್ನು ತೂರಿಸಿ ಬುಗುರಿಯ ಮೇಲೆ ಕೂರಿಸಿದನು. ಹೀಗೆ ಮಾಡಿದರೆ ಯಾವ ಬಣ್ಣ ಎಷ್ಟು ಕಾಣಬೇಕೋ ಅಷ್ಟನ್ನೇ ಹೊರಗೆಳೆಯಬಹುದು. ಅಂಚಿನ ಸುತ್ತ ನೂರು ಸಮಭಾಗಗಳ ಗುರುತು. ಹೊರಸುತ್ತಿನಲ್ಲಿ ಇಂಗಳೀಕದ ಕೆಂಪು, ಪಚ್ಚೆಯ ಹಸುರು, ಅಲ್ಟ್ರಾಮರೀನ್ ನೀಲಿ. ನಡುವಿನ ಚಿಕ್ಕ ಬಿಲ್ಲೆಗಳಲ್ಲಿ ಕಪ್ಪು ಮತ್ತು ಬಿಳುಪು. ಬುಗುರಿಯನ್ನು ತಿರುಗಿಸಿ, ನಿಲ್ಲಿಸಿ, ಪಾಲುಗಳನ್ನು ಹೆಚ್ಚುಕಡಮೆ ಮಾಡಿ, ಹೊರಸುತ್ತಿಗೂ ಒಳಸುತ್ತಿಗೂ ಎಳ್ಳಷ್ಟೂ ಭೇದ ಕಾಣದಂತಾಗುವವರೆಗೆ ಹೀಗೆಯೇ ಮುಂದುವರಿಸಬೇಕು. 1855ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ಇಂಥದೊಂದು ಸಮೀಕರಣವಿದೆ: ನೂರರಲ್ಲಿ ಕೆಂಪು 37, ನೀಲಿ 27, ಹಸುರು 36 ಪಾಲು ಸೇರಿದರೆ, ಬಿಳುಪು 28, ಕಪ್ಪು 72 ಪಾಲು ಸೇರಿದ ಬೂದಿಗೆ ಸಮ.

ಓದುಗರು ಈ ಸಾಲಿನ ಬಳಿ ಒಂದು ಕ್ಷಣ ನಿಲ್ಲಬೇಕು. ಎಡಗಡೆಯಲ್ಲಿ ಬಣ್ಣಗಳು, ಬಲಗಡೆಯಲ್ಲಿ ಬಣ್ಣಗಳು, ನಡುವೆ ಗಣಿತದ ಸಮಚಿಹ್ನೆ. ಆದರೆ ಆ ಸಮಚಿಹ್ನೆಯನ್ನು ಹಾಕಿದ್ದು ಯಾವ ತಕ್ಕಡಿಯೂ ಅಲ್ಲ, ನೋಡುವವನ ಕಣ್ಣು. ಎರಡು ಸುತ್ತುಗಳಿಂದ ಬರುವ ಬೆಳಕು ಒಂದೇ ಅಲ್ಲ. ಪಟ್ಟಕದಿಂದ ಬಿಡಿಸಿ ನೋಡಿದರೆ ಬೇರೆ ಬೇರೆ. ಕಣ್ಣಿಗೆ ಮಾತ್ರ ಒಂದೇ. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿರಬೇಕೆಂದು ಥಾಮಸ್ ಯಂಗ್ 1802ರಲ್ಲಿಯೇ ಊಹಿಸಿದ್ದನು. ಆ ಊಹೆಯನ್ನು ಮ್ಯಾಕ್ಸ್‌ವೆಲ್ ಅಳತೆಗೆ ಇಳಿಸಿದನು. ಒಂದು ತ್ರಿಕೋನವನ್ನು ಬರೆದು, ಮೂರು ಮೂಲೆಗಳಲ್ಲಿ ಮೂರು ಬಣ್ಣಗಳನ್ನಿಟ್ಟು, ಅವುಗಳ ಪಾಲುಗಳನ್ನು ತೂಕಗಳೆಂದು ಭಾವಿಸಿ, ಮಿಶ್ರವರ್ಣವನ್ನು ಅವುಗಳ ಗುರುತ್ವಕೇಂದ್ರದಲ್ಲಿ ಗುರುತಿಸಿದನು. ಮೂರು ತೂಕ ಗೊತ್ತಾದರೆ ಬಣ್ಣದ ಮನೆವಿಳಾಸ ಗೊತ್ತಾದಂತೆ. ಕೆಲವು ಕಡುಬಣ್ಣಗಳು ತ್ರಿಕೋನದ ಹೊರಗೆ ಬೀಳುತ್ತವೆ. ಆಗ ಮೂರರಲ್ಲಿ ಒಂದನ್ನು ಸಮೀಕರಣದ ಆಚೆಯ ಬದಿಗೆ ಹಾಕಬೇಕು, ಎಂದರೆ ಅದಕ್ಕೆ ಋಣಚಿಹ್ನೆ ಬರುತ್ತದೆ. ನಮ್ಮ ಸಾಮಾನ್ಯ ವಿಡಿಯೊದ ತೆರೆ ಋಣವನ್ನು ತೋರಿಸಲಾರದು. ಅಂಥ ಬಣ್ಣಗಳನ್ನು ತನ್ನ ತ್ರಿಕೋನದ ಅಂಚಿಗೆ ತಂದು ನಿಲ್ಲಿಸಿ ತೃಪ್ತಿಪಡುತ್ತದೆ.

ಆ ಪ್ರಬಂಧದ ಹೆಸರಿನಲ್ಲಿಯೇ ವರ್ಣಾಂಧತೆಯೆಂಬ ಮಾತಿದೆ. ಮ್ಯಾಕ್ಸ್‌ವೆಲ್ ತನ್ನ ಬುಗುರಿಯನ್ನು ನನ್ನಂಥವರ ಮುಂದೆಯೂ ತಿರುಗಿಸಿದನು. ನಗಲಿಲ್ಲ, ಅವರು ಹೇಳಿದ್ದನ್ನು ಬರೆದುಕೊಂಡನು. ಇತರರಿಗೆ ಮೂರು ಬಣ್ಣ ಬೇಕಾದ ಕಡೆ ಇವರಿಗೆ ಎರಡೇ ಸಾಕಾಯಿತು. ಅವರ ಸಮೀಕರಣಗಳು ಸುಳ್ಳಲ್ಲ, ಗೊಂದಲವೂ ಅಲ್ಲ. ತಮ್ಮ ತಮ್ಮಲ್ಲಿ ಅಚ್ಚುಕಟ್ಟಾಗಿ ಹೊಂದುತ್ತಿದ್ದುವು. ಅವುಗಳಿಂದ ಲೆಕ್ಕ ಹಾಕಿ, ಅವರಿಗೆ ಯಾವ ಸಂವೇದನೆ ಇಲ್ಲವೋ ಅದರ ಸ್ಥಾನವನ್ನು ತನ್ನ ತ್ರಿಕೋನದ ನಕ್ಷೆಯಲ್ಲಿ ಗುರುತಿಸಿದನು. ಕಾಣದವನ ಮಾತಿನಿಂದಲೇ ಕಾಣದ್ದನ್ನು ಗುರುತಿಸಿದ ಈ ಉಪಾಯವನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅಜ್ಜಯ್ಯನ ತೋಟದಲ್ಲಿ ನಾನು ಸೋಮಾರಿಯಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಒಂದು ಸಂಖ್ಯೆ ಕಡಮೆಯಿತ್ತು.

ಒಂದು ಕಣ್ಣಿಗೆ ಕೆಂಪು ಗಾಜು, ಇನ್ನೊಂದಕ್ಕೆ ಹಸುರು ಗಾಜು ಹಾಕಿದ ಕನ್ನಡಕದಿಂದ ಇಂಥವರಿಗೆ ಸಹಾಯವಾದೀತೆಂಬ ಸಲಹೆಯನ್ನೂ ಅವನು ಕೊಟ್ಟನು. ಅದೇ 1855ರಲ್ಲಿ ಎಡಿನ್‌ಬರೊದ ಜಾರ್ಜ್ ವಿಲ್ಸನ್ ವರ್ಣಾಂಧತೆಯ ಮೇಲೆ ಒಂದು ಗ್ರಂಥವನ್ನು ಬರೆದು, ರೈಲು ಮತ್ತು ಹಡಗುಗಳ ಬಣ್ಣದ ದೀಪಗಳಿಂದ ಆಗಬಹುದಾದ ಅಪಾಯವನ್ನು ಎತ್ತಿ ತೋರಿಸಿದನು. ಪರಮಾಣುವಾದದ ಜಾನ್ ಡಾಲ್ಟನ್ನನೂ ನಮ್ಮ ಪಂಗಡದವನೇ. 1794ರಲ್ಲಿಯೇ ಅವನು ತನ್ನ ಕಣ್ಣಿನ ಸಂಗತಿಯನ್ನು ಸಭೆಯಲ್ಲಿ ಓದಿ ಹೇಳಿದ್ದನು. ಅವನು 1844ರಲ್ಲಿ ಸತ್ತ ಮೇಲೆ ಕಾದಿಟ್ಟಿದ್ದ ಕಣ್ಣಿನ ಚೂರುಗಳನ್ನು 1995ರಲ್ಲಿ ಪರೀಕ್ಷಿಸಿದಾಗ, ಹಸುರಿನ ಕಡೆಯ ಬೆಳಕನ್ನು ಹಿಡಿಯುವ ವರ್ಣದ್ರವ್ಯ ಅವನಿಗಿರಲಿಲ್ಲವೆಂದು ಖಚಿತವಾಯಿತು.

ಮುಂದಿನ ಕೆಲವು ವರ್ಷಗಳು ಮ್ಯಾಕ್ಸ್‌ವೆಲ್ಲನಿಗೆ ಸುಖದುಃಖಗಳ ಮಿಶ್ರವರ್ಣ. ವೃದ್ಧನಾದ ತಂದೆಗೆ ಹತ್ತಿರವಾಗಿರಬಹುದೆಂದು ಅಬರ್ಡೀನಿನ ಮರಿಷಲ್ ಕಾಲೇಜಿಗೆ ಅರ್ಜಿ ಹಾಕಿದನು. 1856ರ ಏಪ್ರಿಲಿನಲ್ಲಿ ನೇಮಕದ ಸುದ್ದಿ ಬರುವ ಮೊದಲೇ ತಂದೆ ತೀರಿಕೊಂಡಿದ್ದನು. 1858ರಲ್ಲಿ ಪ್ರಿನ್ಸಿಪಾಲರ ಮಗಳು ಕ್ಯಾಥರೀನ್ ಡ್ಯೂವರಳನ್ನು ಮದುವೆಯಾದನು. 1860ರಲ್ಲಿ ಊರಿನ ಎರಡು ಕಾಲೇಜುಗಳನ್ನು ಕೂಡಿಸಿ ಒಂದು ವಿಶ್ವವಿದ್ಯಾಲಯ ಮಾಡಿದಾಗ, ಪ್ರಿನ್ಸಿಪಾಲರ ಅಳಿಯನಾಗಿದ್ದರೂ ಕೆಲಸ ಹೋಯಿತು. ಎಡಿನ್‌ಬರೊದಲ್ಲಿ ಕೇಳಿದ ಹುದ್ದೆ ಬಾಲ್ಯದ ಗೆಳೆಯ ಟೇಟನ ಪಾಲಾಯಿತು. ಅದೇ ಬೇಸಿಗೆಯಲ್ಲಿ ಸಿಡುಬು ಬೇರೆ. ಹೆಂಡತಿಯ ಶುಶ್ರೂಷೆಯಿಂದ ಬದುಕಿಕೊಂಡು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿದನು. ಆ ವರ್ಷವೇ ಬಣ್ಣಗಳ ಸಂಶೋಧನೆಗಾಗಿ ರಾಯಲ್ ಸೊಸೈಟಿ ಅವನಿಗೆ ರಮ್‌ಫರ್ಡ್ ಪದಕವನ್ನಿತ್ತಿತು.

ಕ್ಯಾಥರೀನಳ ವಿಷಯವಾಗಿ ನಮ್ಮ ಪಠ್ಯಪುಸ್ತಕಗಳು ಒಂದು ಮಾತನ್ನೂ ಹೇಳುವುದಿಲ್ಲ. ಬುಗುರಿಯ ಕಾಗದದ ಬಣ್ಣಗಳು ಸಾಲದೆ, ಮ್ಯಾಕ್ಸ್‌ವೆಲ್ ಬಿಸಿಲನ್ನೇ ಪಟ್ಟಕಗಳಿಂದ ಒಡೆದು, ಮೂರು ಸೀಳುಗಳ ಮೂಲಕ ಶುದ್ಧವಾದ ಮೂರು ಬಣ್ಣಗಳನ್ನು ಆರಿಸಿ, ಕೂಡಿಸಿ ಬಿಳುಪಿನೊಡನೆ ಹೋಲಿಸುವ ಪೆಟ್ಟಿಗೆಯೊಂದನ್ನು ಕಟ್ಟಿದನು. ಸೀಳಿನ ಅಗಲವೇ ಆ ಬಣ್ಣದ ಸಂಖ್ಯೆ. ಲಂಡನ್ನಿನ ಮನೆಯ ಅಟ್ಟದಲ್ಲಿದ್ದ ಇಂಥ ಪೆಟ್ಟಿಗೆ ಎಂಟು ಅಡಿ ಉದ್ದವಿತ್ತು. ಗಂಡಹೆಂಡಿರು ಗಂಟೆಗಟ್ಟಲೆ ಶವದ ಪೆಟ್ಟಿಗೆಯೊಳಗೆ ಇಣುಕುತ್ತಾರೆ, ಇವರಿಗೆ ಬುದ್ಧಿಭ್ರಮಣೆಯೆಂದು ನೆರೆಹೊರೆಯವರು ಆಡಿಕೊಂಡರಂತೆ. ಪ್ರಬಂಧದಲ್ಲಿ ಇಬ್ಬರು ವೀಕ್ಷಕರ ಅಂಕಿಗಳಿವೆ. ಒಬ್ಬನ ಹೆಸರು ಜೆ, ಇನ್ನೊಬ್ಬಳದು ಕೆ. ಆ ಕೆ ಎಂದರೆ ಕ್ಯಾಥರೀನ್. ಇಬ್ಬರದೂ ಆರೋಗ್ಯವಾದ ಕಣ್ಣುಗಳೇ. ಆದರೂ ನೀಲಿ ಹಸುರುಗಳು ಕೂಡುವ ಎಡೆಯಲ್ಲಿ ಅವರ ಅಂಕಿಗಳು ಹೊಂದಲಿಲ್ಲ. ಮ್ಯಾಕ್ಸ್‌ವೆಲ್ ಹೆಂಡತಿಯ ಅಂಕಿಗಳನ್ನು ತಿದ್ದಲಿಲ್ಲ. ಎರಡನ್ನೂ ಅಚ್ಚು ಹಾಕಿಸಿದನು.

1861ನೆಯ ಇಸವಿ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಮಾಡಿದ ಉಪನ್ಯಾಸ ಪ್ರಸಿದ್ಧವಾದುದು. ಪಟ್ಟೆಪಟ್ಟೆಯ ಒಂದು ರಿಬ್ಬನ್ನನ್ನು ಥಾಮಸ್ ಸಟನ್ ಎಂಬ ಛಾಯಾಚಿತ್ರಗಾರ ಕೆಂಪು, ಹಸುರು, ನೀಲಿ ದ್ರಾವಣಗಳ ಮೂಲಕ ಬೇರೆ ಬೇರೆಯಾಗಿ ಚಿತ್ರ ತೆಗೆದಿದ್ದನು. ಮೂರೂ ಕಪ್ಪುಬಿಳುಪು ಚಿತ್ರಗಳೇ. ಮೂರು ಲಾಂದ್ರಗಳಿಂದ, ಆಯಾ ಬಣ್ಣದ ಮೂಲಕವೇ ಅವುಗಳನ್ನು ತೆರೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ ಬಣ್ಣಬಣ್ಣವಾಗಿ ಎದ್ದು ನಿಂತಿತು. ಇದರಲ್ಲಿ ಒಂದು ತಮಾಷೆಯಿದೆ. ಆ ಕಾಲದ ಛಾಯಾಫಲಕಕ್ಕೆ ಕೆಂಪು ಬೆಳಕು ನಾಟುತ್ತಲೇ ಇರಲಿಲ್ಲ! ಹಾಗಾದರೆ ಕೆಂಪಿನ ಚಿತ್ರ ಹೇಗೆ ಬಂತು? ಸರಿಯಾಗಿ ನೂರು ವರ್ಷಗಳ ತರುವಾಯ, 1961ರಲ್ಲಿ, ಕೊಡಕ್ ಕಂಪನಿಯ ರಾಲ್ಫ್ ಇವಾನ್ಸ್ ಇದನ್ನು ಬಿಡಿಸಿ ತೋರಿಸಿದನು. ರಿಬ್ಬನ್ನಿನ ಕೆಂಪು ಭಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು. ಕೆಂಪು ದ್ರಾವಣ ಅವುಗಳನ್ನೂ ಒಳಗೆ ಬಿಟ್ಟಿತ್ತು. ತತ್ತ್ವ ಸರಿಯಾಗಿತ್ತು, ಪ್ರಯೋಗ ಗೆದ್ದದ್ದು ಅದೃಷ್ಟದಿಂದ.

ಬೆಳಕು ವಿದ್ಯುತ್ಕಾಂತ ತರಂಗವೆಂದು 1865ರಲ್ಲಿ ಪ್ರಕಟಿಸಿದ ಮಹಾಸಿದ್ಧಾಂತವನ್ನು ನಾನಿಲ್ಲಿ ಮುಟ್ಟುವುದಿಲ್ಲ. ಅದಕ್ಕೆ ನನ್ನ ಗಣಿತ ಸಾಲದು. ವಿಜ್ಞಾನಿಗಳು ಅವನನ್ನು ನ್ಯೂಟನ್ನನ ಪಂಕ್ತಿಯಲ್ಲಿ ಕೂರಿಸಿರುವುದು ಅದರಿಂದಲೇ.

ಅವನ ನೂರು ಭಾಗಗಳ ಬುಗುರಿ ನಮ್ಮ ಕಂಪ್ಯೂಟರಿಗೆ ಬಂದ ದಾರಿಯನ್ನು ಮಾತ್ರ ಹೇಳಬೇಕು. ಇಂಗ್ಲೆಂಡಿನ ರೈಟ್ ಹತ್ತು ಮಂದಿಯನ್ನೂ, ಗಿಲ್ಡ್ ಏಳು ಮಂದಿಯನ್ನೂ ಇಂಥದೇ ಹೋಲಿಕೆಗೆ ಕೂರಿಸಿ ಪಡೆದ ಅಂಕಿಗಳ ಮೇಲೆ 1931ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವೊಂದು ನಿಂತಿತು. ಆ ಹದಿನೇಳು ಮಂದಿಯ ಕಣ್ಣೇ ಇಂದಿಗೂ ಲೋಕದ ತೆರೆಗಳಿಗೆಲ್ಲ ಆಧಾರ. ಮೂರು ಬಣ್ಣಗಳಲ್ಲಿ ಒಂದೊಂದಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲುಗಳಿಟ್ಟರೆ ಒಟ್ಟು 1,67,77,216 ಬಣ್ಣಗಳಾಗುತ್ತವೆ. ಆದರೆ ಅಂಕಿಯನ್ನು ಕುರುಡಾಗಿ ನಂಬುವಂತಿಲ್ಲ. ಮ್ಯಾಕ್ಸ್‌ವೆಲ್ಲನ 50 ಪಾಲೆಂದರೆ ನಿಜವಾಗಿಯೂ ಅರ್ಧ; ಕಂಪ್ಯೂಟರಿನ 128 ಅರ್ಧ ಬೆಳಕಲ್ಲ, ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಕಣ್ಣು ಕತ್ತಲಿನ ಕಡೆಯ ಸೂಕ್ಷ್ಮ ಭೇದಗಳನ್ನು ಹೆಚ್ಚಾಗಿ ಗುರುತಿಸುವುದರಿಂದ ಅತ್ತ ಹೆಚ್ಚು ಮೆಟ್ಟಿಲುಗಳನ್ನು ಕೊಟ್ಟಿದ್ದಾರೆ. ವಿಡಿಯೊದ ಪದ್ಧತಿಯಲ್ಲಂತೂ ಕಪ್ಪು 16ರಲ್ಲಿ, ಬಿಳುಪು 235ರಲ್ಲಿ. ಒಂದು ತಂತ್ರಾಂಶ ಬಿಳುಪನ್ನು 255 ಎನ್ನುತ್ತದೆ, ಇನ್ನೊಂದು 235, ಮತ್ತೊಂದು 100, ಮಗದೊಂದು ಬರಿಯ 1. ಯಾವ ಅಳತೆಗೋಲೆಂದು ಕೇಳದೆ ಅಂಕಿಯನ್ನು ನಕಲು ಮಾಡಿದರೆ ಕಪ್ಪು ಬೂದಿಯಾಗುತ್ತದೆ, ಬಿಳುಪು ಸುಟ್ಟುಹೋಗುತ್ತದೆ. ಸೇರು, ಪಾವು, ಕಿಲೋಗಳನ್ನು ಒಂದೇ ಚೀಟಿಯಲ್ಲಿ ಬೆರೆಸಿದ ಅಂಗಡಿಯವನ ಪಾಡು ನನಗೆ ಹೀಗೆ ಒಂದು ವಾರ ಆಗಿತ್ತು.

ಕೊನೆಗೆ ನಾಟಕವನ್ನು ಮತ್ತೆ ಮೊದಲಿನಿಂದ ತಿದ್ದಿದೆ. ಪ್ರತಿ ದೃಶ್ಯದಲ್ಲಿಯೂ ಬಿಳಿಯ ವಸ್ತುವೊಂದನ್ನು ಹುಡುಕಿ ಮೂರು ಸಂಖ್ಯೆಗಳನ್ನು ಸಮ ಮಾಡಿದೆ. ಮುಖಗಳಿಗಾಗಿ ಆ ಅಣ್ಣ ಇನ್ನೊಂದು ಚಕ್ರವನ್ನು ತೋರಿಸಿದ್ದ. ಅದರಲ್ಲೊಂದು ಗೆರೆ, ಕಪ್ಪಗಿನವರಾಗಲಿ ಬೆಳ್ಳಗಿನವರಾಗಲಿ, ಮನುಷ್ಯರ ಚರ್ಮದ ಬಣ್ಣವೆಲ್ಲ ಹೆಚ್ಚುಕಡಮೆ ಆ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತದೆ. ಎರಡನೆಯ ಸಲ ತೋರಿಸಿದಾಗ ಯಾರೂ ನಗಲಿಲ್ಲ. ಹೊಗಳಲೂ ಇಲ್ಲ, ಮುಖ ಮುಖದಂತಿದ್ದರೆ ಯಾರು ತಾನೆ ಹೊಗಳುತ್ತಾರೆ?

ಮ್ಯಾಕ್ಸ್‌ವೆಲ್ 1871ರಲ್ಲಿ ಕೇಂಬ್ರಿಜ್‌ನ ಪ್ರೊಫೆಸರನಾಗಿ, ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಶಾಲೆಯನ್ನು ಕಟ್ಟಿಸಿ ನಡೆಸಿದನು. 1879ರ ನವೆಂಬರ್ 5ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ತಾಯಿಯನ್ನು ಕೊಂಡೊಯ್ದ ರೋಗವೇ ಅವನನ್ನೂ ಕೊಂಡೊಯ್ದಿತು. ಗ್ಲೆನ್‌ಲೇರಿನ ಹತ್ತಿರದ ಪಾರ್ಟನ್ ಎಂಬ ಹಳ್ಳಿಯಲ್ಲಿ ಅವನ ಸಮಾಧಿಯಿದೆ.

ಈ ಲೇಖನ ಬರೆಯುವ ಮೊದಲು ಹಾಸ್ಟೆಲಿನಲ್ಲಿ ನಾನೂ ನನ್ನ ಕೋಣೆಯ ಗೆಳೆಯನೂ ರಟ್ಟು ಕತ್ತರಿಸಿ, ಬಣ್ಣದ ಕಾಗದ ಹೊಂದಿಸಿ ಅಂಥದೊಂದು ಬುಗುರಿಯನ್ನು ಮಾಡಿದೆವು. ಹೊರಸುತ್ತಿನಲ್ಲಿ ಕೆಂಪಿನೊಡನೆ ಸ್ವಲ್ಪ ನೀಲಿ, ಒಳಸುತ್ತಿನಲ್ಲಿ ಹಸುರಿನೊಡನೆ ಕಪ್ಪು ಇಟ್ಟು, ನಾಲ್ಕಾರು ಸಲ ಹೆಚ್ಚುಕಡಮೆ ಮಾಡಿದ ಮೇಲೆ ನನಗೆ ಎರಡೂ ಸುತ್ತುಗಳು ಒಂದೇ ಆದುವು. ಗೆಳೆಯ ಅದನ್ನು ನೋಡಿ ನನ್ನ ಮುಖವನ್ನು ನೋಡಿದ. ಹೊರಗಿನದು ಕುಂಕುಮದಷ್ಟು ಕೆಂಪು, ಒಳಗಿನದು ಕಾಡಿನಂಥ ಹಸುರು ಎಂದ. ಬುಗುರಿ ಇನ್ನೂ ತಿರುಗುತ್ತಿತ್ತು. ಅದು ನಿಂತ ಮೇಲೆ ಅವನು ಪಾಲುಗಳನ್ನು ಎಣಿಸಿ, ನನ್ನ ಸಮೀಕರಣವನ್ನು ನನ್ನ ಹೆಸರಿನ ಕೆಳಗೆ ಬರೆದುಕೊಂಡ.